ಎಂ.ಎಸ್ಸಿ. ನರ್ಸಿಂಗ್, ಎಂಬಿಎ: ಎರಡೂ ಬೇಕು, ಆದರೆ ಯಾವುದು ಮೊದಲು?

ಪ್ರಕರಣ

ಸವಿತಾ, 31 ವರ್ಷ (ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಲಾಗಿದೆ). ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಿಂದ ಮೈಸೂರಿನ ಖಾಸಗಿ ಆಸ್ಪತ್ರೆಗೆ ದಿನಾ ರೈಲಿನಲ್ಲಿ ಓಡಾಟ. ಬಿ.ಎಸ್ಸಿ. ನರ್ಸಿಂಗ್‌ನಲ್ಲಿ ಶೇ. 61 ಅಂಕ. ಎಂಟು ವರ್ಷದ ಸರ್ವಿಸ್, ಅದರಲ್ಲಿ ಕೊನೆಯ ಮೂರು ವರ್ಷ 12 ಹಾಸಿಗೆಯ ಐಸಿಯು ಇನ್‌ಚಾರ್ಜ್. ಸಂಬಳ 34,000 ರೂಪಾಯಿ. ಮನೆಯವರು ಕಬ್ಬು ಬೆಳೆಯುತ್ತಾರೆ. ಫ್ಯಾಕ್ಟರಿಯ ದುಡ್ಡು ಬಂದಾಗ ಬಂತು. ತಿಂಗಳು ತಿಂಗಳು ತಪ್ಪದೆ ಮನೆಗೆ ಬರುವುದು ಸವಿತಾ ಅವರ ಸಂಬಳ ಒಂದೇ. ನಾಲ್ಕು ವರ್ಷದ ಮಗು, ಮನೆ ಕಟ್ಟಿದ ಸಾಲದ ಕಂತು 9,500, ಇನ್ನು 14 ತಿಂಗಳು ಬಾಕಿ.

ಅವರಿಗೆ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಬೇಕು, ಆಮೇಲೆ ಆಸ್ಪತ್ರೆಯ ಆಡಳಿತಕ್ಕೂ ಹೋಗಬೇಕು. ಮೇಲಿನವರು ‘ಎಂ.ಎಸ್ಸಿ. ಇಲ್ಲದೆ ಆ ಹುದ್ದೆ ಕಷ್ಟ’ ಅಂದಿದ್ದಾರೆ. ಎಚ್‌ಆರ್‌ನವರು ‘ಎಂಬಿಎ ಮಾಡಿ, ಬೇಗ ಮೇಲೆ ಬರ್ತೀರಿ’ ಅಂದಿದ್ದಾರೆ. ಅಮೆರಿಕದ ಎಂಎಸ್‌ಎನ್ (ಅಲ್ಲಿನ ನರ್ಸಿಂಗ್ ಸ್ನಾತಕೋತ್ತರ ಪದವಿ)–ಎಂಬಿಎ ಜೋಡಿ ಪದವಿಯ ಬಗ್ಗೆ ಇಂಟರ್ನೆಟ್‌ನಲ್ಲಿ ಓದಿಕೊಂಡು ಬಂದಿದ್ದರು. ವೃತ್ತಿ ಸಲಹೆಗೆಂದು ನಮ್ಮಲ್ಲಿಗೆ ಬಂದ ಮೊದಲ ಭೇಟಿಯಲ್ಲೇ ಕೇಳಿದ್ದು: “ಎರಡನ್ನೂ ಒಟ್ಟಿಗೇ ಮಾಡ್ಬುಟ್ರೆ ಎರಡು ವರ್ಷಕ್ಕೇ ಎಲ್ಲಾ ಮುಗ್ದೋಗುತ್ತಲ್ವಾ ಮೇಡಂ?”

ಇನ್ನೊಂದು ಸಂಗತಿ ಎರಡನೇ ಭೇಟಿಯಲ್ಲಿ ಹೊರಬಂತು. ಒಬ್ಬ ಏಜೆಂಟ್, ಕೆಲಸ ಬಿಡದೆ ಎಂ.ಎಸ್ಸಿ. ಮಾಡಿಸಿಕೊಡುತ್ತೇನೆ, ಹಾಜರಾತಿ ತಾನೇ ನೋಡಿಕೊಳ್ಳುತ್ತೇನೆ ಎಂದು ಮುಂಗಡ ಕೇಳಿದ್ದ.

ಸಲಹೆ

ಏಜೆಂಟನ ವಿಷಯವನ್ನೇ ಮೊದಲು ತೆಗೆದುಕೊಂಡೆವು, ಏಕೆಂದರೆ ಅಲ್ಲಿ ಎಡವಿದರೆ ಮಿಕ್ಕ ಯೋಜನೆಗೆ ಅರ್ಥವಿಲ್ಲ. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಂತೆ ಎಂ.ಎಸ್ಸಿ. ನರ್ಸಿಂಗ್ ಎರಡು ವರ್ಷದ ಪೂರ್ಣಾವಧಿ ಕೋರ್ಸ್. ಪರೀಕ್ಷೆಗೆ ಕೂರಲು ಪ್ರತಿ ವಿಷಯದಲ್ಲಿ ಶೇ. 80 ಹಾಜರಾತಿ ಬೇಕು. ಪದವಿ ಕೈಗೆ ಬರುವ ಮುಂಚೆ ಪ್ರಾಕ್ಟಿಕಲ್‌ನಲ್ಲಿ ಶೇ. 100 ಆಗಿರಬೇಕು. ದೂರಶಿಕ್ಷಣದಲ್ಲಿ ಎಂ.ಎಸ್ಸಿ. ನರ್ಸಿಂಗ್ ಕೊಡಲು ಯುಜಿಸಿ ಅವಕಾಶ ಕೊಟ್ಟಿಲ್ಲ. ಕಾಲೇಜಿಗೆ ಹೋಗದೆ ಪಡೆದ ಪದವಿ ಇಂದು ಸಿಕ್ಕಿಬೀಳದೆ ಇರಬಹುದು. ಆದರೆ ಅದೇ ಎರಡು ವರ್ಷಕ್ಕೆ ಆಸ್ಪತ್ರೆಯ ಅನುಭವ ಪತ್ರ, ಪಿಎಫ್ ಜಮಾ, ಡ್ಯೂಟಿ ಪಟ್ಟಿ ಎಲ್ಲವೂ ಇರುತ್ತವೆ. ಸರ್ಕಾರಿ ನೇಮಕಾತಿಯ ದಾಖಲೆ ಪರಿಶೀಲನೆಯಲ್ಲೋ, ವಿದೇಶಕ್ಕೆ ಹೊರಟಾಗಲೋ ಎರಡೂ ಕಾಗದ ಒಂದೇ ಮೇಜಿನ ಮೇಲೆ ಬಂದರೆ ಪದವಿಯ ಜೊತೆಗೆ ಎಂಟು ವರ್ಷದ ನಿಜವಾದ ಅನುಭವದ ಮೇಲೂ ಅನುಮಾನ ಬೀಳುತ್ತದೆ. ಮುಂಗಡ ಕೊಡಬೇಡಿ ಎಂದು ಸ್ಪಷ್ಟವಾಗಿ ಹೇಳಿದ್ದಾಯಿತು. ಸವಿತಾ ಒಪ್ಪಿದರು.

ಇನ್ನು ‘ಒಟ್ಟಿಗೇ’ ಅನ್ನುವ ಪ್ರಶ್ನೆ. 2022ರ ಯುಜಿಸಿ ಮಾರ್ಗಸೂಚಿಯಂತೆ ಒಂದು ಪದವಿಯನ್ನು ಕಾಲೇಜಿಗೆ ಹೋಗಿ, ಇನ್ನೊಂದನ್ನು ದೂರಶಿಕ್ಷಣದಲ್ಲಿ ಏಕಕಾಲಕ್ಕೆ ಓದಬಹುದು. ಆಯಾ ವೃತ್ತಿಯ ನಿಯಂತ್ರಣ ಸಂಸ್ಥೆಯ ನಿಯಮಕ್ಕೆ ಒಳಪಟ್ಟು. ಕಾಗದದ ಮೇಲೆ ದಾರಿ ಇದೆ, ಬದುಕಿನಲ್ಲಿ ಇಲ್ಲ. ಎಂ.ಎಸ್ಸಿ.ಗೆ ವಾರಕ್ಕೆ 40 ಗಂಟೆ ಹೋಗುತ್ತದೆ. ಮೊದಲ ವರ್ಷದಲ್ಲೇ ಪ್ರಬಂಧದ ಸಿನಾಪ್ಸಿಸ್ (ಸಂಶೋಧನೆಯ ರೂಪರೇಖೆ), ಎಥಿಕ್ಸ್ ಕಮಿಟಿಯ ಒಪ್ಪಿಗೆ, ಸಂಖ್ಯಾಶಾಸ್ತ್ರ, ಪಾಠ ಮಾಡುವ ಅಭ್ಯಾಸ ಎಲ್ಲ ಒಂದರ ಮೇಲೊಂದು ಬರುತ್ತವೆ. ಅದರ ಮೇಲೆ ಎಂಬಿಎ ಅಸೈನ್‌ಮೆಂಟ್ ಹೊತ್ತರೆ ನಕಲು ಮಾಡಿ ಮುಗಿಸುವುದೇ ಗತಿ. ಅಮೆರಿಕದ ಜೋಡಿ ಪದವಿಯಲ್ಲಿ ಒಂದರ ಕೆಲವು ಕ್ರೆಡಿಟ್ ಇನ್ನೊಂದಕ್ಕೂ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಅಲ್ಲಿ ಸಮಯ ಉಳಿಯುತ್ತದೆ. ನಮ್ಮಲ್ಲಿ ಎಂ.ಎಸ್ಸಿ. ನಡೆಯುವುದು ಶುಶ್ರೂಷಾ ಪರಿಷತ್ತಿನ ಪಠ್ಯದಂತೆ, ಎಂಬಿಎ ದಾರಿಯೇ ಬೇರೆ. ಒಟ್ಟಿಗೆ ಮಾಡಿದರೂ ಒಂದು ಪೇಪರ್ ಕೂಡ ಕಡಿಮೆಯಾಗುವುದಿಲ್ಲ.

ಯಾವುದು ಮೊದಲು ಅನ್ನುವುದು ಯಾವ ಕುರ್ಚಿ ಬೇಕು ಅನ್ನುವುದರ ಮೇಲೆ ನಿಂತಿದೆ. ಕ್ವಾಲಿಟಿ ಮ್ಯಾನೇಜರ್, ಆಪರೇಷನ್ಸ್ ಮ್ಯಾನೇಜರ್ ಹುದ್ದೆಗಳಿಗೆ ಬಿ.ಎಸ್ಸಿ. ನರ್ಸಿಂಗ್ ಜೊತೆ ಎಂಬಿಎ ಇದ್ದರೆ ನಡೆಯುತ್ತದೆ. ನರ್ಸಿಂಗ್ ವಿಭಾಗದ ಮುಖ್ಯಸ್ಥೆಯಾಗಬೇಕಾದರೆ, ಅದರಲ್ಲೂ ಕಾಲೇಜು ಇರುವ ಆಸ್ಪತ್ರೆಯಲ್ಲಿ, ಎಂ.ಎಸ್ಸಿ. ಇಲ್ಲದೆ ಕಷ್ಟ; ಪಾಠ ಮಾಡುವ ಬಾಗಿಲೂ ಅದರಿಂದ ತೆರೆಯುತ್ತದೆ. ಸರ್ಕಾರಿ ಸೇವೆಯ ಮಾತು ಬೇರೆ. ಅಲ್ಲಿ ಬಡ್ತಿ ನಡೆಯುವುದು ವೃಂದ ಮತ್ತು ನೇಮಕಾತಿ ನಿಯಮ, ಸೇವಾ ಹಿರಿತನದ ಮೇಲೆ. ಎಂಬಿಎ ಮಾಡಿದ ಮಾತ್ರಕ್ಕೆ ಪಟ್ಟಿಯಲ್ಲಿ ಯಾರನ್ನೂ ದಾಟಲಾಗದು.

ಸವಿತಾ ಅವರಿಗೆ ಬೇಕಾದದ್ದು ಮೊದಲು ನರ್ಸಿಂಗ್ ಕುರ್ಚಿ. ಆದ್ದರಿಂದ ಎಂ.ಎಸ್ಸಿ. ಮೊದಲು, ಎಂಬಿಎ ಆಮೇಲೆ ಎಂದು ತೀರ್ಮಾನವಾಯಿತು. ಅರ್ಹತೆಗೆ ತೊಂದರೆ ಇಲ್ಲ: ಬಿ.ಎಸ್ಸಿ.ಯಲ್ಲಿ ಶೇ. 55, ನೋಂದಣಿ, ಒಂದು ವರ್ಷದ ಅನುಭವ ಕೇಳುತ್ತಾರೆ. ಐದು ವಿಶೇಷ ವಿಭಾಗಗಳಲ್ಲಿ (ಮೆಡಿಕಲ್ ಸರ್ಜಿಕಲ್, ಸಮುದಾಯ ಆರೋಗ್ಯ, ಮಕ್ಕಳ, ಪ್ರಸೂತಿ, ಮನೋರೋಗ) ಐಸಿಯು ಹಿನ್ನೆಲೆಯವರಿಗೆ ಮೆಡಿಕಲ್ ಸರ್ಜಿಕಲ್ ಸಹಜ ಆಯ್ಕೆ. ಎರಡನೇ ವರ್ಷದಲ್ಲಿ ನರ್ಸಿಂಗ್ ಮ್ಯಾನೇಜ್‌ಮೆಂಟ್ ಎಂಬ ವಿಷಯ 150 ಗಂಟೆ ಥಿಯರಿ, 150 ಗಂಟೆ ಪ್ರಾಕ್ಟಿಕಲ್ ಇದೆ. ಬಹಳ ಜನ ಅದನ್ನು ಪಾಸಾಗುವಷ್ಟು ಓದಿ ಬಿಡುತ್ತಾರೆ. ಆಡಳಿತಕ್ಕೆ ಹೋಗುವವರು ಅದನ್ನೇ ಕೂತು ಓದಬೇಕು.

‘ಹಾಗಾದ್ರೆ ಎಂಬಿಎ ಯಾಕೆ?’ ಎಂದು ಸವಿತಾ ಅವರ ಯಜಮಾನರು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಸವಿತಾ ಅವರ ಐಸಿಯುನ ಲೆಕ್ಕವನ್ನೇ ಹಾಳೆಯ ಮೇಲೆ ಹಾಕಿದೆವು.

12 ಹಾಸಿಗೆ. ಸಾಮಾನ್ಯವಾಗಿ ನಾಲ್ಕು ರೋಗಿಗಳು ವೆಂಟಿಲೇಟರ್ ಮೇಲಿರುತ್ತಾರೆ, ಅವರಿಗೆ ಒಬ್ಬರಿಗೊಬ್ಬರು ನರ್ಸ್: ನಾಲ್ಕು. ಉಳಿದ ಎಂಟು ರೋಗಿಗಳಿಗೆ ಇಬ್ಬರಿಗೊಬ್ಬರು: ನಾಲ್ಕು. ಒಂದು ಶಿಫ್ಟಿಗೆ 8, ಮೂರು ಶಿಫ್ಟಿಗೆ 24 ಡ್ಯೂಟಿ. ‘24 ಜನ ಸಾಕು, ನಮ್ಮಲ್ಲಿ 26 ಜನ ಇದ್ದಾರಲ್ಲ’ ಎಂದು ಮ್ಯಾನೇಜ್‌ಮೆಂಟ್ ಹೇಳುತ್ತಿತ್ತಂತೆ. ತಪ್ಪಾಗುವುದು ಇಲ್ಲೇ. ಆಸ್ಪತ್ರೆಗೆ ರಜೆಯಿಲ್ಲ, ನರ್ಸಿಗೆ ಇದೆ. ವರ್ಷಕ್ಕೆ ಬೇಕಾದ ಡ್ಯೂಟಿ 24 × 365 = 8,760. ಒಬ್ಬ ನರ್ಸ್ ನಿಜವಾಗಿ ಬರುವ ದಿನ: 365ರಲ್ಲಿ ವಾರದ ರಜೆ 52, ಹಬ್ಬದ ರಜೆ 10, ಸಿಎಲ್ (ಸಾಂದರ್ಭಿಕ ರಜೆ), ಇಎಲ್ (ಗಳಿಕೆ ರಜೆ), ಕಾಯಿಲೆ ರಜೆ ಸೇರಿ 27 ಕಳೆದರೆ 276. 8,760ನ್ನು 276ರಿಂದ ಭಾಗಿಸಿದರೆ 31.7, ಅಂದರೆ 32 ಜನ. ಇರುವುದು 26. ಆ 26 ಜನ ಕೊಡುವುದು 7,176 ಡ್ಯೂಟಿ. ಉಳಿದ 1,584 ಡ್ಯೂಟಿ ಡಬಲ್ ಡ್ಯೂಟಿಯಿಂದ ತುಂಬುತ್ತಿದೆ.

ಈಗ ದುಡ್ಡಿಗೆ ಬನ್ನಿ. ಅಲ್ಲಿ ಒಂದು ಡಬಲ್ ಡ್ಯೂಟಿಗೆ ಕೊಡುವುದು 1,200 ರೂಪಾಯಿ: ವರ್ಷಕ್ಕೆ 19,00,800. ಪಿಎಫ್ ಸೇರಿ 25,000ಕ್ಕೆ ಆರು ಜನರನ್ನು ತೆಗೆದುಕೊಂಡರೆ ವರ್ಷಕ್ಕೆ 18,00,000. ಹೊಸಬರನ್ನು ತೆಗೆದುಕೊಳ್ಳುವುದೇ ಅಗ್ಗ, ಅದೂ ದಣಿದವರ ಕೈಯಲ್ಲಿ ಆಗುವ ಔಷಧ ತಪ್ಪು, ಬೆಡ್‌ಸೋರ್, ಕೆಲಸ ಬಿಟ್ಟು ಹೋಗುವವರ ಲೆಕ್ಕ ಹಿಡಿಯದೆ. ಇದರಲ್ಲಿ ಹೆರಿಗೆ ರಜೆಯನ್ನು ಸೇರಿಸಿಯೇ ಇಲ್ಲ. ಕಾನೂನಿನಂತೆ 26 ವಾರ, ಅಂದರೆ ಅರ್ಧ ವರ್ಷ. ಒಂದು ವರ್ಷದಲ್ಲಿ ಇಬ್ಬರು ಹೆರಿಗೆ ರಜೆಗೆ ಹೋದರೆ ಪೂರ್ತಿ ಒಬ್ಬರು ಪಟ್ಟಿಯಿಂದ ಹೋದ ಹಾಗೆ. ಹೆಚ್ಚಿನವರು ಹೆಣ್ಣುಮಕ್ಕಳೇ ಇರುವ ವಿಭಾಗದಲ್ಲಿ ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯದಿದ್ದರೆ, ಬಸುರಿಯಾದವಳ ಮೇಲೆ ಉಳಿದವರು ಸಿಡುಕುತ್ತಾರೆ. ತಪ್ಪು ಅವಳದಲ್ಲ, ಪಟ್ಟಿ ಮಾಡಿದವರದು.

ಒಬ್ಬ ವೆಂಟಿಲೇಟರ್ ರೋಗಿಗೆ ಯಾಕೆ ಪ್ರತ್ಯೇಕವಾಗಿ ಒಬ್ಬ ನರ್ಸ್ ಬೇಕು ಎಂದು ಹೇಳಲು ನರ್ಸಿಂಗ್ ಓದು ಬೇಕು. ಅದನ್ನು ಬಜೆಟ್ ಸಭೆಯಲ್ಲಿ ಡೈರೆಕ್ಟರ್ ಒಪ್ಪುವ ಭಾಷೆಯಲ್ಲಿ ಇಡಲು ವೆಚ್ಚದ ಲೆಕ್ಕಶಾಸ್ತ್ರ, ಆಪರೇಷನ್ಸ್, ಕಾರ್ಮಿಕ ಕಾನೂನು ಗೊತ್ತಿರಬೇಕು. ಎಂಬಿಎಯಿಂದ ಸವಿತಾ ತೆಗೆದುಕೊಳ್ಳಬೇಕಾದದ್ದು ಇವಿಷ್ಟನ್ನು. ಆದಕಾರಣ ‘ಹಾಸ್ಪಿಟಲ್ ಅಡ್ಮಿನಿಸ್ಟ್ರೇಷನ್’ ಎಂಬ ಹೆಸರಿನ ಎಂಬಿಎಗಿಂತ ಫೈನಾನ್ಸ್ ಅಥವಾ ಆಪರೇಷನ್ಸ್ ಗಟ್ಟಿಯಾಗಿ ಕಲಿಸುವ ಸಾಮಾನ್ಯ ಎಂಬಿಎಯೇ ಅವರಿಗೆ ಮೇಲು ಎಂಬುದು ನಮ್ಮ ಅಭಿಪ್ರಾಯ. ಬಿ.ಕಾಂ. ಓದಿದವರಿಗೆ ಆಸ್ಪತ್ರೆ ಅಂದರೇನು ಎಂದು ತಿಳಿಸುವ ಪಾಠ, ಎಂಟು ವರ್ಷ ವಾರ್ಡಿನಲ್ಲಿ ದುಡಿದವರಿಗೆ ಬೇಡ.

ಎಂಬಿಎ ಎಲ್ಲಿ? ಆಗ ಕೆಲಸದಲ್ಲಿರುತ್ತಾರೆ, ದೂರಶಿಕ್ಷಣವೇ ಸರಿ. ಮೈಸೂರಿನಲ್ಲೇ ಮುಕ್ತಗಂಗೋತ್ರಿಯ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ. ಇಗ್ನೋ ಎಂಬಿಎಯನ್ನು ಎರಡರಿಂದ ನಾಲ್ಕು ವರ್ಷದೊಳಗೆ ಮುಗಿಸಬಹುದು, ಮಗು ಚಿಕ್ಕದಿರುವವರಿಗೆ ಈ ಸಡಿಲಿಕೆ ದೊಡ್ಡದು. ಎಲ್ಲಿ ಸೇರಿದರೂ ಆ ವರ್ಷದ ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ಬ್ಯೂರೋ ಪಟ್ಟಿಯಲ್ಲಿ ನೋಡಿ, ಡಿಇಬಿ ಐಡಿ (ಆ ಬ್ಯೂರೋದ ವಿದ್ಯಾರ್ಥಿ ಗುರುತು ಸಂಖ್ಯೆ) ಮಾಡಿಕೊಂಡೇ ಹಣ ಕಟ್ಟಬೇಕು.

ಮನೆಯ ಲೆಕ್ಕ ಕಟ್ಟುನಿಟ್ಟಾಗಿತ್ತು. ಸಾಲದ ಕಂತು ಬಿಟ್ಟು ತಿಂಗಳಿಗೆ ಕನಿಷ್ಠ 18,000 ಬೇಕು. ಎರಡು ವರ್ಷಕ್ಕೆ 4,32,000, ಕಾಲೇಜು ಫೀ ಬೇರೆ. ಈ ವರ್ಷವೇ ಕೆಲಸ ಬಿಟ್ಟರೆ ಕಂತೂ ನಿಲ್ಲುತ್ತದೆ, ಮನೆಯೂ ನಡೆಯುವುದಿಲ್ಲ. ಹಾಗಾಗಿ ಕಂತು ಮುಗಿಯುವ 14 ತಿಂಗಳು ಕಾಯುವುದು. ತಿಂಗಳಿಗೆ 6,000 ಆರ್‌ಡಿಗೆ (ಬ್ಯಾಂಕಿನ ಆವರ್ತ ಠೇವಣಿಗೆ) ಹಾಕಿದರೆ ಅಸಲೇ 84,000 ಆಗುತ್ತದೆ. ಫೀಗೆ ಶಿಕ್ಷಣ ಸಾಲ.

ಆ 14 ತಿಂಗಳು ಸುಮ್ಮನೆ ಕೂರುವುದಲ್ಲ. ಆಸ್ಪತ್ರೆ ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಗೆ ತಯಾರಾಗುತ್ತಿದೆ. ಸವಿತಾ ಆಂತರಿಕ ಆಡಿಟ್ ತಂಡಕ್ಕೆ ತಾವಾಗಿ ಹೆಸರು ಕೊಡಬೇಕು. ಬೆಡ್‌ಸೋರ್, ಕ್ಯಾತಿಟರ್ ಸೋಂಕು, ಬಿದ್ದ ರೋಗಿಗಳು, ಔಷಧ ತಪ್ಪು, ಈ ನಾಲ್ಕನ್ನು ತಿಂಗಳುವಾರು ಬರೆದಿಡಬೇಕು. ಸೋಂಕನ್ನು ಸಂಖ್ಯೆಯಲ್ಲಿ ಮಾತ್ರ ಬರೆದರೆ ಸಾಲದು, 1,000 ಕ್ಯಾತಿಟರ್ ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಕ್ಯಾತಿಟರ್ ಇದ್ದರೆ ಒಂದು ಕ್ಯಾತಿಟರ್ ದಿನ) ಎಷ್ಟು ಎಂದು ಹಾಕಬೇಕು. ಇಲ್ಲವಾದರೆ ರೋಗಿಗಳು ಕಡಿಮೆ ಇದ್ದ ತಿಂಗಳು ಸುಧಾರಣೆ ಆದಂತೆ ಕಾಣುತ್ತದೆ. ಮುಂದೆ ಎಂ.ಎಸ್ಸಿ. ಪ್ರಬಂಧದ ವಿಷಯ ಇಲ್ಲೇ ಹುಟ್ಟಬಹುದು. ಎಂಬಿಎ ಪ್ರಾಜೆಕ್ಟ್ ಅದೇ ವಾರ್ಡಿನ ವೆಚ್ಚದ ಮೇಲೆ ಇರಬಹುದು. ಪ್ರಶ್ನೆ ಮತ್ತು ದತ್ತಾಂಶ ಬೇರೆಯೇ ಆಗಿರಲಿ, ಒಂದೇ ಪ್ರಬಂಧವನ್ನು ಎರಡು ಕಡೆ ಕೊಡುವಂತಿಲ್ಲ.

ಮ್ಯಾನೇಜ್‌ಮೆಂಟ್ ಬಳಿ ರಾಜೀನಾಮೆಯ ಮಾತು ಬೇಡ, ಅಧ್ಯಯನ ರಜೆ ಕೇಳಿ ಎಂದು ಹೇಳಿದೆವು. ರಾಜೀನಾಮೆ ಕೊಟ್ಟರೆ ಗ್ರಾಚ್ಯುಟಿ ಸಿಗುತ್ತದೆ ನಿಜ: ಮೂಲ ವೇತನ 17,000 × 15 ÷ 26 × 8 ವರ್ಷ, ಸುಮಾರು 78,461. ಆದರೆ ಸರ್ವಿಸ್ ತುಂಡಾಗುತ್ತದೆ, ಇನ್‌ಚಾರ್ಜ್ ಹುದ್ದೆಯೂ ಹೋಗುತ್ತದೆ. ಅರ್ಧ ಸಂಬಳದ ರಜೆ ಕೊಟ್ಟು ಬಾಂಡ್ ಬರೆಸಿಕೊಳ್ಳುತ್ತೇವೆ ಅಂದರೆ ನಾಲ್ಕು ಅಂಶ ನೋಡಿ ಸಹಿ ಹಾಕಬೇಕು: ಎಷ್ಟು ವರ್ಷ, ಮುರಿದರೆ ಎಷ್ಟು ಹಣ, ದುಡಿದಷ್ಟು ತಿಂಗಳಿಗೆ ಆ ಹಣ ಕಡಿಮೆಯಾಗುತ್ತದೆಯೇ, ವಾಪಸ್ ಬಂದಾಗ ಯಾವ ಹುದ್ದೆ. ಮೂಲ ಅಂಕಪಟ್ಟಿ, ನೋಂದಣಿ ಪತ್ರ ಅವರ ಕೈಗೆ ಕೊಡಬಾರದು, ಜೆರಾಕ್ಸ್ ಸಾಕು.

ಅತ್ತೆಯವರು ಮೂರನೇ ಭೇಟಿಗೆ ಬಂದರು. ಅವರ ಚಿಂತೆ ಓದಿನದ್ದಲ್ಲ, ಮಗುವನ್ನು ಸ್ಕೂಲಿನಿಂದ ಕರೆತರುವುದು ಯಾರು ಅನ್ನುವುದು. ಎಂ.ಎಸ್ಸಿ. ಸಮಯದಲ್ಲಿ ಸಾಮಾನ್ಯವಾಗಿ ನೈಟ್ ಶಿಫ್ಟ್ ಇರುವುದಿಲ್ಲ, ಸಂಜೆ ರೈಲಿಗೆ ಮನೆಗೆ ಬರುತ್ತಾಳೆ ಎಂದು ತಿಳಿದ ಮೇಲೆ ಅವರ ಮುಖ ಸಡಿಲವಾಯಿತು. ಮಧ್ಯಾಹ್ನದ ಜವಾಬ್ದಾರಿ ತಾವೇ ತೆಗೆದುಕೊಂಡರು.

ಅಧ್ಯಯನ ರಜೆ ಸಿಗದೆ ಹೋದರೆ ಕ್ರಮ ತಿರುಗಿಸುವುದು: ಮುಂದಿನ ಜುಲೈಗೆ ಕೆಲಸದಲ್ಲಿದ್ದುಕೊಂಡೇ ಎಂಬಿಎ ಶುರು, ಎರಡು ವರ್ಷ ಕ್ವಾಲಿಟಿ ವಿಭಾಗದಲ್ಲಿ ಹುದ್ದೆ ಕೇಳುವುದು, ಸಾಲವಿಲ್ಲದ ಕೈಯಲ್ಲಿ ಆಮೇಲೆ ಎಂ.ಎಸ್ಸಿ. ಸೂಪರಿಂಟೆಂಡೆಂಟ್ ಕುರ್ಚಿ ಎರಡು ವರ್ಷ ದೂರ ಹೋಗುತ್ತದೆ, ಅದನ್ನು ಅವರಿಗೆ ಮುಚ್ಚಿಡದೆ ಹೇಳಿದ್ದೇವೆ. ರಜೆಯ ಅರ್ಜಿಯನ್ನು ಮೇಲಿನ ಐಸಿಯು ಲೆಕ್ಕದ ಹಾಳೆಯ ಜೊತೆ ಲಗತ್ತಿಸಿ ಈ ತಿಂಗಳೇ ಕೊಡುತ್ತಾರೆ. ಉತ್ತರ ಬಂದ ಮೇಲೆ ಮುಂದಿನ ಭೇಟಿ.