ರಾಜಿಗೆ ಸಹಿ ಹಾಕುವ ಮುಂಚೆ ವಕಾಲತ್ತು ಇತ್ಯರ್ಥ ಮಾಡಿಕೊಳ್ಳಿ

ಮದ್ದೂರು ತಾಲ್ಲೂಕಿನ ಸೋದರಿಯೊಬ್ಬರ ಪತ್ರ: 'ಬೈಕ್ ಅಪಘಾತದಲ್ಲಿ ಕಾಲು ಮುರಿದು ಮಂಡ್ಯದಲ್ಲಿ ಪರಿಹಾರದ ಕೇಸು ಹಾಕಿದ್ದೇನೆ. ವಯಸ್ಸು 38, ಹೊಲಿಗೆ ಕೆಲಸ, ತಿಂಗಳಿಗೆ 15,000 ಸಂಪಾದನೆ. ವಕೀಲರು ಫೋನ್ ಎತ್ತುವುದಿಲ್ಲ. ಈಗ ಲೋಕ ಅದಾಲತ್‌ನಲ್ಲಿ 3 ಲಕ್ಷಕ್ಕೆ ರಾಜಿಯಾಗು, ಬಂದದ್ದರಲ್ಲಿ ಕಾಲುಭಾಗ ನನಗೆ ಎನ್ನುತ್ತಾರೆ. ಅವರನ್ನು ಬದಲಿಸಿದರೆ ಕೇಸು ಬಿದ್ದುಹೋಗುತ್ತದೆಯೇ?'

ಬಿದ್ದುಹೋಗುವುದಿಲ್ಲಮ್ಮ. ಕೇಸು ನಿಮ್ಮದು. ಹೊಸ ವಕೀಲರು ಹಳಬರ ಒಪ್ಪಿಗೆ ಪಡೆದು ವಕಾಲತ್ತು, ಅಂದರೆ ನಿಮ್ಮ ಪರ ಕೇಸು ನಡೆಸಲು ನೀವು ಸಹಿ ಮಾಡಿಕೊಡುವ ಅಧಿಕಾರಪತ್ರ, ಹಾಕುವುದು ರೂಢಿ. ಅವರು ಒಪ್ಪದಿದ್ದರೆ ಕಾರಣ ಬರೆದು ನ್ಯಾಯಾಲಯದ ಅನುಮತಿ ಕೇಳಬಹುದು. ಈ ಕೆಲಸ ಮುಂದಿನ ವಾಯಿದೆಯೊಳಗೆ ಆಗಬೇಕು. ನಡುವೆ ಯಾರೂ ಹಾಜರಾಗದೆ ಕೇಸು ವಜಾ ಆದರೆ, ಅದನ್ನು ಮತ್ತೆ ಎತ್ತಿಸಲು ಬೇರೆಯೇ ಅರ್ಜಿ ಹಾಕಿ ಅಲೆಯಬೇಕಾಗುತ್ತದೆ. ಅಂಗವೈಕಲ್ಯದ ಬಗ್ಗೆ ವೈದ್ಯರ ಸಾಕ್ಷ್ಯ ಆಗಿದೆಯೇ ಎಂದೂ ಕೇಳಿ ತಿಳಿದುಕೊಳ್ಳಿ. ಪರಿಹಾರದ ಮೊತ್ತ ಬಹುಪಾಲು ನಿಂತಿರುವುದು ಅದರ ಮೇಲೆ.

ಫೀಸು ಬಾಕಿ ಇದೆ ಎಂದು ಫೈಲು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ. ಸುಪ್ರೀಂ ಕೋರ್ಟ್ 2000ದಲ್ಲೇ ಹಾಗೆಂದು ತೀರ್ಪು ಕೊಟ್ಟಿದೆ. ಎಕ್ಸ್‌ರೇ, ಡಿಸ್ಚಾರ್ಜ್ ಸಾರಾಂಶ, ಔಷಧಿ ಬಿಲ್ಲುಗಳನ್ನು ಪಟ್ಟಿ ಬರೆದು ಕೇಳಿ ಪಡೆಯಿರಿ. ನ್ಯಾಯಾಲಯದಲ್ಲಿ ಗುರುತಾಗಿರುವ ದಾಖಲೆಗಳಿಗೆ ದೃಢೀಕೃತ ನಕಲು ಸಿಗುತ್ತದೆ. ಬಂದ ಹಣದಲ್ಲಿ ಪಾಲು ಕೇಳುವುದು ವಕೀಲರ ಪರಿಷತ್ತಿನ ನಿಯಮಕ್ಕೇ ವಿರುದ್ಧ. ಆದರೆ ಅವರು ಮಾಡಿದ ಕೆಲಸಕ್ಕೆ ಶುಲ್ಕ ಕೊಡುವುದು ನ್ಯಾಯ. ಕೊಟ್ಟು ರಸೀದಿ ಪಡೆಯಿರಿ.

ಇನ್ನು 3 ಲಕ್ಷದ ಮಾತು. ಲೆಕ್ಕ ಹೀಗೆ ಹಾಕಿ: 15,000 ಗುಣಿಸು 12 ಅಂದರೆ ವರ್ಷಕ್ಕೆ 1,80,000. ವರ್ಷದ ಸಂಪಾದನೆಯನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸುತ್ತಾರೆ, ಅದೇ ಗುಣಕ. ನಿಮ್ಮ ವಯಸ್ಸಿಗೆ ಅದು 15, ಒಟ್ಟು 27 ಲಕ್ಷ. ಇಡೀ ದೇಹದ ಅಂಗವೈಕಲ್ಯ ಶೇ 15 ಎಂದು ವೈದ್ಯರು ಹೇಳಿ ನಿಮ್ಮ ಕೇಸು ನಡೆಸುವ ಅಪಘಾತ ಪರಿಹಾರ ನ್ಯಾಯಮಂಡಳಿ ಒಪ್ಪಿದರೆ, ಮುಂದಿನ ದುಡಿಮೆಯ ನಷ್ಟವೇ 4,05,000. ಚಿಕಿತ್ಸೆಯ ಖರ್ಚು, ನೋವು, ಮಲಗಿದ್ದ ತಿಂಗಳ ಸಂಬಳ, ಬಡ್ಡಿ ಎಲ್ಲ ಇದರ ಮೇಲೆ. ಸಂಪಾದನೆಗೆ ಪುರಾವೆ ಇಲ್ಲದಿದ್ದರೆ ಮೊತ್ತ ಇಳಿಯುತ್ತದೆ ಎಂಬುದೂ ನಿಜ. ವಿಮಾ ಕಂಪನಿ ಹೇಳುವ ಮೊತ್ತದಲ್ಲಿ ಬಡ್ಡಿ ಸೇರಿದೆಯೋ ಇಲ್ಲವೋ ಎಂದು ತಪ್ಪದೆ ಕೇಳಿ. ಅವಸರದಲ್ಲಿ ಒಪ್ಪಿದರೆ ದಾರಿ ಮುಚ್ಚುತ್ತದೆ: ನ್ಯಾಯಮಂಡಳಿಯ ತೀರ್ಪಿನ ಮೇಲೆ 90 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ ಹೋಗಬಹುದು, ಲೋಕ ಅದಾಲತ್‌ನ ರಾಜಿಗೆ ಮೇಲ್ಮನವಿಯೇ ಇಲ್ಲ.

ನಿಮ್ಮ ಹಳೆಯ ವಕಾಲತ್ತಿನ ನಕಲನ್ನೊಮ್ಮೆ ಓದಿ. 'ರಾಜಿ ಮಾಡಿಕೊಳ್ಳಲು, ಹಣ ಪಡೆಯಲು' ಎಂಬ ಮಾತು ಸಣ್ಣಕ್ಷರದಲ್ಲಿ ಅಚ್ಚಾಗಿರಬಹುದು. ಹಾಗಿದ್ದರೂ ನಿಮ್ಮ ಸ್ಪಷ್ಟ ಸೂಚನೆಯಿಲ್ಲದೆ ವಕೀಲರು ರಾಜಿ ಮಾಡುವಂತಿಲ್ಲ. ಹೊಸದಕ್ಕೆ ಸಹಿ ಹಾಕುವಾಗ ಆ ಸಾಲು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ. ಖಾಲಿ ಹಾಳೆಗೆ ಮಾತ್ರ ಯಾರೇ ಕೇಳಿದರೂ ಸಹಿ ಬೇಡ. ಪರಿಹಾರ ನೇರವಾಗಿ ಖಾತೆಗೇ ಬರುವಂತೆ ನಿಮ್ಮ ಹೆಸರಿನ ಪಾಸ್‌ಬುಕ್ ಪ್ರತಿಯನ್ನು ನ್ಯಾಯಾಲಯಕ್ಕೆ ಕೊಡಿ.

ಹೊಸ ವಕೀಲರಿಗೆ ದುಡ್ಡಿಲ್ಲವೆಂದರೆ ಮಂಡ್ಯದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಹಕ್ಕಾಗಿ ಸಿಗುತ್ತದೆ. ಹೋಗಲಾಗದಿದ್ದರೆ 15100ಕ್ಕೆ ಕರೆ ಮಾಡಿ. ಕೇಸಿನ ನಂಬರು, ಮುಂದಿನ ವಾಯಿದೆಯ ದಿನಾಂಕ ಕೈಯಲ್ಲಿರಲಿ.

— ಸಂಪಾದಕ