ಮೇಲೆ ಥಳಕು, ಕೆಳಗೆ ತುಕ್ಕು: ಹಿಮದೂರಿಗೆ ಸೆಕೆಂಡ್ ಹ್ಯಾಂಡ್ ಸೆಡಾನ್

ಚಳಿಗಾಲ ಹತ್ತಿರ ಬಂತು ಅಂದರೆ ನನಗೆ ಬರುವ ಪ್ರಶ್ನೆಗಳು ಒಂದೇ. ಹಿಮ ಬೀಳುವ ಊರಲ್ಲಿ ಓಡಿಸೋಕೆ ಹಳೇ ಸೆಡಾನ್ ಬೇಕು, ಕ್ಯಾಮ್ರಿ ತಗೊಳ್ಳಲಾ, ಅಕಾರ್ಡ್ ತಗೊಳ್ಳಲಾ, ಸೊನಾಟಾ ಆಗಬಹುದಾ? ಮಾಡೆಲ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಕಾರಿನ ಅಡಿಗೆ ಬಗ್ಗಿ ನೋಡಿದೆ, ಹೀಗಿತ್ತು ಅಂತ ಬರೆದವರನ್ನು ನಾನು ಇನ್ನೂ ಕಂಡಿಲ್ಲ. ಕಾಗದಪತ್ರ ನೋಡಿ ಅಂತೆಲ್ಲ ಇಲ್ಲಿ ಹೇಳುವುದಿಲ್ಲ. ಅಷ್ಟು ನಿಮಗೇ ಗೊತ್ತಿರಬೇಕು. ನೇರ ವಿಷಯಕ್ಕೆ ಬರುತ್ತೇನೆ.

ಪ್ರಶ್ನೆ: ಹತ್ತು ವರ್ಷದ ಸೆಡಾನ್ ಒಂದನ್ನು ನೋಡಿದ್ದೇನೆ. ಮಂಜುಗಡ್ಡೆ ಕರಗಿಸಲು ಉಪ್ಪು ಹಾಕುವ ರಸ್ತೆಯಲ್ಲೇ ಓಡಿದ ಗಾಡಿ. ಆದರೆ ಬರೀ 60,000 ಕಿ.ಮೀ. ಆಗಿದೆ, ಬಣ್ಣ ಹೊಸದರ ಹಾಗಿದೆ. ಅಡಿಗೆ ಮೊನ್ನೆ ತಾನೇ ಕಪ್ಪು ಅಂಡರ್‌ಕೋಟಿಂಗ್ (ತುಕ್ಕು ತಡೆಯುವ ಲೇಪ) ಮಾಡಿಸಿದ್ದಾರಂತೆ. ಕಣ್ಣು ಮುಚ್ಚಿ ತಗೊಳ್ಳಬಹುದಾ?

ಖಂಡಿತ ಬೇಡ. ನೀವು ಹೇಳಿದ ಮೂರು ಗುಣಗಳಲ್ಲಿ ಕೊನೆಯದನ್ನು ಓದಿಯೇ ನನಗೆ ಭಯವಾಯಿತು. ಮಾರುವ ವಾರದಲ್ಲಿ ಹತ್ತು ವರ್ಷದ ಕಾರಿನ ಅಡಿಗೆ ಕಪ್ಪು ಬಳಿಸುವುದು ಯಾಕೆ ಅಂತ ಯೋಚಿಸಿ. ಕಾರು ಬಾಳಲಿ ಅನ್ನುವ ಆಸೆ ಇದ್ದವರು ಹೊಸದಿದ್ದಾಗಲೇ ಬಳಿಸುತ್ತಾರೆ.

ಮೊದಲು ಉಪ್ಪು ಏನು ಮಾಡುತ್ತದೆ ಅಂತ ತಿಳಿಯಿರಿ. ರಸ್ತೆಗೆ ಹಾಕುವ ಮಾಮೂಲಿ ಉಪ್ಪು ಎಷ್ಟೇ ಸುರಿದರೂ ಮೈನಸ್ 21 ಡಿಗ್ರಿಯಿಂದ ಕೆಳಗೆ ಮಂಜುಗಡ್ಡೆ ಕರಗಿಸಲಾರದು. ಅದಕ್ಕೆ ಎಷ್ಟೋ ಮೊದಲೇ ಅದು ಸೋಲುತ್ತದೆ. ಅದಕ್ಕೇ ತುಂಬಾ ಚಳಿ ಇರುವ ಕಡೆ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಹಾಕುತ್ತಾರೆ. ಇವೆರಡೂ ಗಾಳಿಯಲ್ಲಿರುವ ತೇವವನ್ನೇ ಎಳೆದುಕೊಳ್ಳುತ್ತವೆ. ಅಂದರೆ ರಸ್ತೆ ಒಣಗಿದ ಮೇಲೂ ನಿಮ್ಮ ಕಾರಿನ ಹೊಟ್ಟೆ ಒದ್ದೆಯಾಗಿಯೇ ಇರುತ್ತದೆ. ಆ ಕಾರನ್ನು ತೊಳೆಯದೆ ಬೆಚ್ಚಗಿನ ಗ್ಯಾರೇಜಿನಲ್ಲಿ ನಿಲ್ಲಿಸಿದರೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. "ಒಳಗೇ ನಿಲ್ಲಿಸುತ್ತಿದ್ದೆವು" ಅಂತ ಮಾರುವವರು ಹೆಮ್ಮೆಯಿಂದ ಹೇಳಿದರೆ, ಅಡಿ ತೊಳೆಯುತ್ತಿದ್ದರಾ ಅಂತ ಕೇಳಿ.

ಈಗಾಗಲೇ ತುಕ್ಕು ಹಿಡಿದ ಕಬ್ಬಿಣದ ಮೇಲೆ ಟಾರಿನಂಥ ದಪ್ಪ ಕಪ್ಪು ಬಳಿದರೆ ಏನಾಗುತ್ತದೆ? ತೇವ, ಉಪ್ಪು ಎರಡೂ ಒಳಗೆ ಸಿಕ್ಕಿಕೊಳ್ಳುತ್ತವೆ. ಹೊರಗಿನಿಂದ ನುಣ್ಣಗೆ ಕಾಣುತ್ತದೆ, ಒಳಗೆ ಲೋಹ ಕರಗುತ್ತಲೇ ಇರುತ್ತದೆ.

ಒಂದು ಬೆಳ್ಳಿ ಬಣ್ಣದ ಸೆಡಾನ್ ನನಗೆ ಮರೆಯುವುದಿಲ್ಲ. ಚಿಕ್ಕ ಮಗು ಇರುವ ದಂಪತಿ ಕೊಂಡು ಎರಡೇ ವಾರ ಆಗಿತ್ತು. ಮುಂದಿನ ಚಕ್ರದ ಕಡೆ ಏನೋ ಸದ್ದು ಅಂತ ತಂದರು. ಲಿಫ್ಟಿಗೆ ಏರಿಸಿದೆ. ಅಡಿ ಪೂರ್ತಿ ಕಪ್ಪು, ಹೊಳೆಯುತ್ತಿತ್ತು. ಸ್ಕ್ರೂಡ್ರೈವರ್ ಹಿಡಿಯಿಂದ ಎಂಜಿನ್ ಕೂತಿರುವ ಚೌಕಟ್ಟಾದ ಸಬ್‌ಫ್ರೇಮ್ ಮೇಲೆ ತಟ್ಟಿದೆ. ಗಟ್ಟಿ ಕಬ್ಬಿಣ 'ಟಣ್' ಅನ್ನಬೇಕು. ಇದು 'ಡಬ್' ಅಂದಿತು. ಮೊನೆ ತಿರುಗಿಸಿ ಸ್ವಲ್ಪ ಒತ್ತಿದೆ, ಅಷ್ಟೇ. ಹುತ್ತಕ್ಕೆ ಕಡ್ಡಿ ಚುಚ್ಚಿದ ಹಾಗೆ ಒಳಗೆ ಹೋಯಿತು. ಕಪ್ಪು ಪದರ ಕಿತ್ತು ಬಂತು, ಅದರ ಹಿಂದೆ ಕಂದು ಪುಡಿ ಪದರ ಪದರವಾಗಿ ನನ್ನ ಮುಖದ ಮೇಲೆ ಉದುರಿತು. ಚಕ್ರವನ್ನು ಹಿಡಿದಿಡುವ ಕೆಳಗಿನ ಆರ್ಮ್ ಬೋಲ್ಟ್ ಆಗಿದ್ದ ಜಾಗ ಅದು. ಹೈವೇನಲ್ಲಿ ಅದು ಕಿತ್ತುಕೊಂಡಿದ್ದರೆ? ಆ ಮಗುವಿನ ಸೀಟು ಹಿಂದೆ ಕಟ್ಟಿತ್ತು. ಇವತ್ತಿಗೂ ನೆನೆಸಿಕೊಂಡರೆ ಸಂಕಟವಾಗುತ್ತದೆ.

ಹಾಗಾದರೆ ಏನೇನು ನೋಡಬೇಕು? ಮೊದಲನೆಯದು ಈ ಸಬ್‌ಫ್ರೇಮ್. ಎಂಜಿನ್ನೂ ಮುಂದಿನ ಚಕ್ರದ ಆರ್ಮ್‌ಗಳೂ ಕೂತಿರುವ ಚೌಕಟ್ಟು. ಎರಡನೆಯದು ಬ್ರೇಕ್ ಪೈಪ್. 5 ಮಿ.ಮೀ. ಕೂಡ ದಪ್ಪ ಇರದ ಉಕ್ಕಿನ ಕೊಳವೆ, ಅದರ ಗೋಡೆ 1 ಮಿ.ಮೀ.ಗಿಂತ ತೆಳು. ಕಾರಿನ ಉದ್ದಕ್ಕೂ ಹಿಂದಿನ ಚಕ್ರದವರೆಗೆ ಹೋಗುತ್ತದೆ. ಕ್ಲಿಪ್ ಹಿಡಿದಿರುವ ಕಡೆ ಮತ್ತು ಪೆಟ್ರೋಲ್ ಟ್ಯಾಂಕ್ ಮೇಲೆ ಹಾಯುವ ಕಡೆ ಮಣ್ಣು, ಉಪ್ಪು ಕೂತು ಅಲ್ಲೇ ಕೊರೆಯುತ್ತದೆ. ಬಟ್ಟೆಯಿಂದ ಒರೆಸಿ ನೋಡಿ. ಗುಳ್ಳೆ ಗುಳ್ಳೆಯಾಗಿದ್ದರೆ ಅಥವಾ ಎಣ್ಣೆ ಹತ್ತಿದ ಹಾಗೆ ಒದ್ದೆ ಇದ್ದರೆ ಅದನ್ನು ಬದಲಿಸದೆ ಆ ಕಾರನ್ನು ಓಡಿಸಲೇಬೇಡಿ. ಪೈಪ್ ಸಾಮಾನ್ಯವಾಗಿ ಒಡೆಯುವುದು ನೀವು ಜೋರಾಗಿ ಬ್ರೇಕ್ ಒತ್ತಿದಾಗಲೇ. ಅಂದರೆ ನಿಮಗೆ ಬ್ರೇಕ್ ತುಂಬಾ ಬೇಕಾದ ಹೊತ್ತಿನಲ್ಲೇ.

ಮೂರನೆಯದು ಬಾಗಿಲ ಕೆಳಗಿನ ಉದ್ದ ಪಟ್ಟಿ ಮತ್ತು ಹಿಂದಿನ ಚಕ್ರದ ಕಮಾನು. ಅಲ್ಲಿ ಒಂದು ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಸರಿಸಿ. ಅಕ್ಕಪಕ್ಕ ಹಿಡಿದು ನಡುವೆ ಒಂದು ಕಡೆ ಜಾರಿದರೆ, ಅಲ್ಲಿ ಕಬ್ಬಿಣದ ಬದಲು ಪುಟ್ಟಿ ಇದೆ. ಬಾಗಿಲ ಕೆಳಗಿನ ಆ ಪಟ್ಟಿ ಅಂದಕ್ಕೆ ಇಟ್ಟದ್ದಲ್ಲ. ಪಕ್ಕದಿಂದ ಗುದ್ದಿದಾಗ ನಿಮ್ಮನ್ನು ಕಾಯುವ ತೊಲೆ ಅದು. ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದು ರಿಪೇರಿ ಆಯಿತು ಅನ್ನುವವರು ಮೋಸಗಾರರು, ಬೇರೆ ಮಾತಿಲ್ಲ.

ಹಾಗಂತ ಕಂದು ಬಣ್ಣ ಕಂಡ ಕೂಡಲೇ ಓಡಬೇಡಿ. ಉಪ್ಪಿನ ರಸ್ತೆಯಲ್ಲಿ ಓಡಿದ ಕಾರಿಗೆ ಬೋಲ್ಟ್, ಆರ್ಮ್, ಸೈಲೆನ್ಸರ್ ಮೇಲೆ ಒಂದಿಷ್ಟು ತುಕ್ಕು ಇದ್ದೇ ಇರುತ್ತದೆ. ದಪ್ಪ ಲೋಹದ ಮೇಲಿನ ತೆಳು ಕಂದು ಸಮಸ್ಯೆಯೇ ಅಲ್ಲ. ಉಗುರಿಗೆ ಪದರ ಏಳುತ್ತದಾ, ತಟ್ಟಿದರೆ ಉದುರುತ್ತದಾ ಅನ್ನುವುದು ಮುಖ್ಯ. ಬಣ್ಣ ಬಳಿಯದೆ, ಇದ್ದ ಹಾಗೇ ಇರುವ ಕಂದು ಅಡಿಯ ಕಾರನ್ನು ನಾನು ಹೊಸ ಕಪ್ಪು ಬಳಿದ ಕಾರಿಗಿಂತ ಜಾಸ್ತಿ ನಂಬುತ್ತೇನೆ.

ಇನ್ನು ನಿಮ್ಮ 60,000 ಕಿ.ಮೀ. ಹತ್ತು ವರ್ಷಕ್ಕೆ ಅಷ್ಟೇ ಅಂದರೆ ಅಂಗಡಿಗೆ, ಶಾಲೆಗೆ ಹೋಗಿ ಬಂದ ಗಾಡಿ ಇರಬಹುದು. ಚಳಿಯಲ್ಲಿ ಐದು ನಿಮಿಷ ಓಡಿ ನಿಂತರೆ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಆಯಿಲ್‌ನಲ್ಲಿ ನೀರು ಸೇರುತ್ತದೆ, ಸೈಲೆನ್ಸರ್ ಒಳಗಿನ ನೀರು ಆವಿಯಾಗದೆ ಒಳಗಿನಿಂದಲೇ ಕೊಳೆಸುತ್ತದೆ. ಹೈವೇನಲ್ಲಿ 1,60,000 ಕಿ.ಮೀ. ಓಡಿದ, ಕಾಲಕಾಲಕ್ಕೆ ಆಯಿಲ್ ಬದಲಿಸಿದ ಕಾರು ಇದ್ದರೆ ನಾನು ಅದನ್ನೇ ಆರಿಸುತ್ತೇನೆ. ಉಪ್ಪು ಹಾಕದ ಬೆಚ್ಚಗಿನ ಪ್ರದೇಶದಲ್ಲಿ ಓಡಿದ್ದು ಸಿಕ್ಕರೆ ಇನ್ನೂ ಒಳ್ಳೆಯದು.

ನೋಡಲು ಹೋಗುವಾಗ ಒಂದು ಮಾತು. ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಮುಟ್ಟಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿರಬಹುದು. ರಾತ್ರಿಯಿಡೀ ತಣ್ಣಗೆ ನಿಂತ ಎಂಜಿನ್ ಸ್ಟಾರ್ಟ್ ಆಗುವ ಮೊದಲ ಹತ್ತು ಸೆಕೆಂಡಿನಲ್ಲಿ ಬ್ಯಾಟರಿ, ಸ್ಟಾರ್ಟರ್, ಎಂಜಿನ್ ಒಳಗಿನ ಚೈನ್ ಎಲ್ಲದರ ಸ್ಥಿತಿ ಕಿವಿಗೇ ಕೇಳುತ್ತದೆ. ಆಮೇಲೆ ಇಪ್ಪತ್ತು ನಿಮಿಷ ಓಡಿಸಿ. ಅಷ್ಟರಲ್ಲಿ ಹೀಟರ್ ಕೈ ಸುಡುವಷ್ಟು ಬಿಸಿ ಗಾಳಿ ಕೊಡದಿದ್ದರೆ ಕಾರಣ ಗೊತ್ತಾಗುವವರೆಗೆ ಕೊಳ್ಳಬೇಡಿ. ಎಂಜಿನ್ ಬಿಸಿ ಹದದಲ್ಲಿಡುವ ಥರ್ಮೋಸ್ಟಾಟ್ ಆಗಿದ್ದರೆ ಸಣ್ಣ ಕೆಲಸ. ಒಳಗಿನ ಗಾಳಿ ಬಿಸಿ ಮಾಡುವ ಹೀಟರ್ ಕೋರ್ ಕಟ್ಟಿಕೊಂಡಿದ್ದರೆ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕಾಗಬಹುದು.

ಪ್ರಶ್ನೆ: ಆಲ್ ವೀಲ್ ಡ್ರೈವ್ ಇಲ್ಲದ ಸೆಡಾನ್ ಹಿಮದಲ್ಲಿ ಆಗುವುದಿಲ್ಲ ಅಲ್ವಾ?

ಆಗುತ್ತದೆ. ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಬಂದರೆ ಹೊರಡುವುದು ಸುಲಭ, ಏರು ಹತ್ತುವುದು ಸುಲಭ. ನಿಲ್ಲಿಸುವುದಕ್ಕೆ ಅದರಿಂದ ಒಂದು ಅಡಿ ದೂರವೂ ಕಡಿಮೆಯಾಗುವುದಿಲ್ಲ. ಬ್ರೇಕ್ ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುವುದು. ನಿಲ್ಲಿಸುವುದು ಟಯರ್. ಮಾಮೂಲಿ ಬೇಸಿಗೆ ಟಯರ್ ರಬ್ಬರ್ ಸುಮಾರು 7 ಡಿಗ್ರಿಯಿಂದ ಕೆಳಗೆ ಗಡುಸಾಗುತ್ತಾ ಹೋಗುತ್ತದೆ, ಚಳಿಗಾಲದ ಟಯರ್ ಮೆತ್ತಗೇ ಇರುತ್ತದೆ. ಮುಂದಿನ ಚಕ್ರ ಎಳೆಯುವ ಸೆಡಾನ್‌ಗೆ ನಾಲ್ಕೂ ಚಳಿಗಾಲದ ಟಯರ್ ಹಾಕಿಸಿ. ಮುಂದೆ ಎರಡು ಸಾಕು ಅನ್ನುವವರ ಮಾತು ಕೇಳಿದರೆ ತಿರುವಿನಲ್ಲಿ ಹಿಂಭಾಗ ಜಾರಿ ಕಾರು ಸುತ್ತುತ್ತದೆ. ಟಯರ್ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹರಳಿನ ಗುರುತು ಇರಬೇಕು. ಬರೀ 'ಎಂ+ಎಸ್' (ಕೆಸರು ಮತ್ತು ಹಿಮ ಅನ್ನುವ ಗುರುತು) ಇದ್ದರೆ ಸಾಲದು. ಅಲ್ಲೇ ನಾಲ್ಕು ಅಂಕಿ ನೋಡಿ: 3519 ಅಂದರೆ 2019ರ 35ನೇ ವಾರದಲ್ಲಿ ತಯಾರಾದದ್ದು. ಕಾರಿನ ಜೊತೆ "ಚಳಿಗಾಲದ ಟಯರ್ ಫ್ರೀ" ಅಂತ ಕೊಟ್ಟರೆ ಆ ಅಂಕಿ ಮೊದಲು ಓದಿ, ಆಮೇಲೆ ಟಯರ್ ಮೇಲಿನ ಗೀರುಗಳ ಆಳ ಅಳೆಯಿರಿ. 4 ಮಿ.ಮೀ.ಗಿಂತ ಕಡಿಮೆ ಇದ್ದರೆ ಹಿಮಕ್ಕೆ ಅದು ಉಪಯೋಗವಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟಯರ್ ಕಾನೂನಿನಲ್ಲೇ ಕಡ್ಡಾಯ. ಆಲ್ ವೀಲ್ ಡ್ರೈವ್ ಇದ್ದವರಿಗೂ ವಿನಾಯಿತಿ ಇಲ್ಲ.

ಪ್ರಶ್ನೆ: ಬ್ಯಾಟರಿಗೆ ಜೋಡಿಸಿದರೆ ತುಕ್ಕು ತಡೆಯುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಸಿಗುತ್ತದಂತೆ. ಹಾಕಿಸಲಾ?

ಬೇಡ. ಹಡಗಿಗೆ ಈ ಉಪಾಯ ನಡೆಯುತ್ತದೆ, ಯಾಕೆಂದರೆ ಅದರ ಅಡಿ ಪೂರ್ತಿ ಉಪ್ಪುನೀರಲ್ಲಿ ಮುಳುಗಿರುತ್ತದೆ, ಕರೆಂಟ್ ಹರಿಯಲು ದಾರಿ ಇರುತ್ತದೆ. ಕಾರು ಗಾಳಿಯಲ್ಲಿ ಓಡುತ್ತದೆ. ಆ ಹಣಕ್ಕೆ ವರ್ಷಕ್ಕೊಮ್ಮೆ ಎಣ್ಣೆಯಂಥ ತುಕ್ಕು ನಿರೋಧಕ ಸಿಂಪಡಿಸಿ. ಸಂದುಗೊಂದಿಗೂ ಹರಿದು ಹೋಗುತ್ತದೆ.

ಪ್ರಶ್ನೆ: ಬೆಳಿಗ್ಗೆ ಹದಿನೈದು ನಿಮಿಷ ನಿಂತಲ್ಲೇ ಎಂಜಿನ್ ಬಿಸಿ ಮಾಡಬೇಕಾ?

ಗಾಜು ಪೂರ್ತಿ ಸ್ವಚ್ಛ ಮಾಡಿ, ಒಂದು ನಿಮಿಷ ಬಿಡಿ, ನಿಧಾನಕ್ಕೆ ಹೊರಡಿ. ಹದಿನೈದು ನಿಮಿಷ ಹಳೇ ಕಾರ್ಬ್ಯುರೇಟರ್ ಎಂಜಿನ್ ಕಾಲದ ಮಾತು.

ಪ್ರಶ್ನೆ: ಎಂಜಿನ್ ತಣಿಸುವ ಕೂಲೆಂಟ್‌ಗೆ ನೀರು ಬೆರೆಸದೆ ಹಾಕಿದರೆ ಚಳಿ ಜಾಸ್ತಿ ತಡೆಯುತ್ತದಾ?

ಇಲ್ಲ, ಉಲ್ಟಾ. ಅರ್ಧಕ್ಕರ್ಧ ಬೆರೆಸಿದ್ದು ಸುಮಾರು ಮೈನಸ್ 37ರವರೆಗೆ ತಡೆಯುತ್ತದೆ, ನೀರಿಲ್ಲದ ಕೂಲೆಂಟ್, ಅಂದರೆ ಬರೀ ಎಥಿಲೀನ್ ಗ್ಲೈಕಾಲ್, ಮೈನಸ್ 13ರ ಹತ್ತಿರವೇ ಗಟ್ಟಿಯಾಗುತ್ತದೆ.

ಪ್ರಶ್ನೆ: ಹಿಡಿತ ಜಾಸ್ತಿಯಾಗಲಿ ಅಂತ ಡಿಕ್ಕಿಯಲ್ಲಿ ಮರಳಿನ ಚೀಲ ಇಡಬೇಕಾ?

ಮುಂದಿನ ಚಕ್ರ ಎಳೆಯುವ ಕಾರಿಗೆ ಬೇಡವೇ ಬೇಡ.

ಪ್ರಶ್ನೆ: ಟಯರ್ ಗಾಳಿ ಕಡಿಮೆ ಮಾಡಿದರೆ ಹಿಡಿತ ಜಾಸ್ತಿ ಅಂತಾರೆ.

ಚಳಿಗೇ ಅದು ಕಡಿಮೆಯಾಗಿರುತ್ತದೆ, ಪ್ರತಿ 5–6 ಡಿಗ್ರಿಗೆ ಸುಮಾರು 1 ಪಿಎಸ್ಐ. ತುಂಬಿಸಿ.

ಪ್ರಶ್ನೆ: ಮುಂಗಡ ಕೊಟ್ಟಾಗಿದೆ. ಮಾರುವವರು ಪರಿಚಯದವರು. ಈಗ ಲಿಫ್ಟಿಗೆ ಏರಿಸಿ ನೋಡ್ತೀನಿ ಅನ್ನೋಕೆ ಸಂಕೋಚ.

ಸಂಕೋಚ ಬಿಟ್ಟು ಇವತ್ತೇ ಫೋನ್ ಮಾಡಿ. "ಬಾಕಿ ದುಡ್ಡು ಕೊಡೋಕೆ ಮೊದಲು ನನಗೆ ಗೊತ್ತಿರೋ ಮೆಕ್ಯಾನಿಕ್ ಹತ್ತಿರ ಅಡಿ ತೋರಿಸಿಕೊಂಡು ಬರ್ತೀನಿ" ಅನ್ನಿ. ಮೆಕ್ಯಾನಿಕ್ ನಿಮ್ಮವರಾಗಿರಬೇಕು, ಅವರು ಹೇಳಿದವರು ಬೇಡ. ಲಿಫ್ಟ್ ಏರಿಸಿದಾಗ ನೀವೂ ಟಾರ್ಚ್ ಹಿಡಿದು ಅಡಿಗೆ ನಿಲ್ಲಿ. ಒಪ್ಪಲಿಲ್ಲ ಅಂದರೆ ಮುಂಗಡ ವಾಪಸ್ ಕೇಳಿ. ಕೊಡದಿದ್ದರೂ ಬಿಟ್ಟು ಬನ್ನಿ. ಸಬ್‌ಫ್ರೇಮ್ ಬದಲಿಸಲು ಆಗುವ ಖರ್ಚು ಆ ಮುಂಗಡಕ್ಕಿಂತ ಎಷ್ಟೋ ಜಾಸ್ತಿ.