ಓದುಗರ ಪ್ರಶ್ನೆ: ಗುಂಯ್‌ಗುಡುವ ಮೋಟಾರು

ಪ್ರಶ್ನೆ: ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ನಮ್ಮ ಮನೆಯ ಅರ್ಧ ಎಚ್‌ಪಿ ಮೋಟಾರನ್ನು ಬೇಸಿಗೆಯಿಡೀ ಬಳಸಿರಲಿಲ್ಲ. ಈಗ ಸ್ವಿಚ್ ಹಾಕಿದರೆ ಗುಂಯ್ ಎನ್ನುತ್ತದೆಯೇ ಹೊರತು ತಿರುಗುವುದಿಲ್ಲ. ಸದ್ದು ಕೇಳಿದ ಮೆಕ್ಯಾನಿಕ್, ವೈಂಡಿಂಗ್ (ಒಳಗಿನ ತಂತಿಯ ಸುರುಳಿ) ಸುಟ್ಟಿದೆ ಎಂದರು. ಮನೆಯಲ್ಲೇ ಸರಿಪಡಿಸಲು ಸಾಧ್ಯವೇ?
– ಓದುಗರೊಬ್ಬರು, ಹಾಸನ

ಉತ್ತರ: ಬರಿಯ ಸದ್ದಿನಿಂದ ವೈಂಡಿಂಗ್ ಸುಟ್ಟಿದೆಯೆಂದು ಹೇಳಲಾಗದು. ಆದರೆ ತಿರುಗದೆ ನಿಂತ ಮೋಟಾರು ಎಂದಿನದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುವುದರಿಂದ, ಮತ್ತೆ ಮತ್ತೆ ಸ್ವಿಚ್ ಹಾಕಿ ನೋಡುತ್ತಿದ್ದರೆ ಅದು ನಿಜಕ್ಕೂ ಸುಟ್ಟೀತು.

ಮೊದಲು ಎಂಸಿಬಿ (ಕರೆಂಟು ಮಿತಿಮೀರಿದರೆ ತಾನಾಗಿ ಬೀಳುವ ಸ್ವಿಚ್) ಇಳಿಸಿ, ಪ್ಲಗ್ ಕಿತ್ತು, ಹಿಂಬದಿಯ ಮುಚ್ಚಳ ಬಿಚ್ಚಿ ಫ್ಯಾನನ್ನು ಕೈಯಿಂದ ತಿರುಗಿಸಿರಿ. ತಿಂಗಳುಗಟ್ಟಲೆ ನಿಂತ ಪಂಪಿನಲ್ಲಿ ಇಂಪೆಲ್ಲರ್ (ನೀರನ್ನು ತಳ್ಳುವ ಚಕ್ರ) ತುಕ್ಕು ಹಿಡಿದು ಕಚ್ಚಿಕೊಳ್ಳುವುದು ತೀರ ಸಾಮಾನ್ಯವಾದ್ದರಿಂದ, ನಿಮ್ಮಲ್ಲಿ ನನ್ನ ಮೊದಲ ಅನುಮಾನ ಅದರ ಮೇಲೆಯೇ. ಸುತ್ತಿಗೆಯಿಂದ ಹೊಡೆಯದೆ, ಎರಡೂ ದಿಕ್ಕಿಗೆ ನಿಧಾನವಾಗಿ ಅಲುಗಿಸಿ ಬಿಡಿಸಬೇಕು. ಕರೆಂಟು ಇರುವಾಗಲೇ ಫ್ಯಾನನ್ನು ತಳ್ಳಿ ಓಡಿಸುವವರಿದ್ದಾರೆ. ಬೆರಳಿನ ಆಸೆಯಿರುವವರು ಅದನ್ನು ಮಾಡಬಾರದು.

ಸರಾಗವಾಗಿ ತಿರುಗಿದರೆ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಭಾಗ) ನೋಡಬೇಕು. ಸಿಂಗಲ್ ಫೇಸ್ ಕರೆಂಟು ತಾನಾಗಿ ಸುತ್ತುವ ಕಾಂತಕ್ಷೇತ್ರವನ್ನು ಉಂಟುಮಾಡಲಾರದು; ಮೋಟಾರಿನ ಎರಡು ವೈಂಡಿಂಗ್‌ಗಳಲ್ಲಿ ಎರಡನೆಯದರ ಕರೆಂಟನ್ನು ಮೊದಲನೆಯದಕ್ಕಿಂತ ಮುಂದಕ್ಕೆ ಸರಿಸಿ ಆ ಸುತ್ತನ್ನು ಹುಟ್ಟಿಸುವುದು ಕೆಪಾಸಿಟರ್. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದಾದ್ದರಿಂದ, ಮುಟ್ಟುವ ಮೊದಲು ಹೋಲ್ಡರಿನಲ್ಲಿ ಹಾಕಿದ ಹಳೆಯ ಫಿಲಮೆಂಟ್ ಬಲ್ಬಿನ ಎರಡು ತಂತಿಗಳನ್ನು ಅದರ ತುದಿಗಳಿಗೆ ತಾಗಿಸಿ ಚಾರ್ಜ್ ಇಳಿಸಿರಿ. ಉಬ್ಬಿದ್ದರೆ ಬದಲಿಸಲೇಬೇಕು, ಉಬ್ಬದಿದ್ದರೂ ಒಳಗೆ ಸೊರಗಿರಬಹುದು. ಹಳೆಯದರ ಮೇಲೆ 10 ಮೈಕ್ರೋಫ್ಯಾರಡ್, 440 ವೋಲ್ಟ್ ಎಂದಿದ್ದರೆ ಅದನ್ನೇ ಕೇಳಿ ತನ್ನಿರಿ. ದೊಡ್ಡದು ಹಾಕಿದರೆ ಜೋರಾಗಿ ಓಡುತ್ತದೆ ಎಂಬ ಅಂಗಡಿಯ ಸಲಹೆಯನ್ನು ಒಪ್ಪಬೇಡಿರಿ, ಏಕೆಂದರೆ ಹೆಚ್ಚುವರಿ ಕರೆಂಟಿನಿಂದ ಆ ಎರಡನೆಯ ವೈಂಡಿಂಗೇ ಬಿಸಿಯಾಗುತ್ತದೆ.

ವೋಲ್ಟೇಜನ್ನೂ ಅಳೆಯಿರಿ. 230ರ ಬದಲು 180 ವೋಲ್ಟ್ ಬರುತ್ತಿದ್ದರೆ ತಿರುಗಿಸುವ ಬಲ ಸುಮಾರು ಶೇ 60ಕ್ಕೆ ಇಳಿಯುವುದರಿಂದ, ಸುಸ್ಥಿತಿಯ ಮೋಟಾರೂ ಮುಗ್ಗರಿಸಬಹುದು.

ಸುಟ್ಟ ವಾಸನೆ ಬಂದರೆ, ಎಂಸಿಬಿ ಬೀಳುತ್ತಿದ್ದರೆ ಅಥವಾ ಮೈಗೆ ಶಾಕ್ ಹೊಡೆದರೆ ಮನೆಯ ಪ್ರಯತ್ನ ಅಲ್ಲಿಗೆ ನಿಲ್ಲಬೇಕು. ರೀವೈಂಡಿಂಗ್‌ಗೆ (ಹೊಸ ತಂತಿ ಸುತ್ತಿಸಲು) ಒಪ್ಪುವ ಮೊದಲು, ನಿಮ್ಮೆದುರಿಗೇ 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಉಪಕರಣ) ಹಿಡಿದು ವೈಂಡಿಂಗಿಗೂ ಮೋಟಾರಿನ ಮೈಗೂ ನಡುವಣ, ಕರೆಂಟು ಸೋರದಂತೆ ತಡೆಯುವ ಇನ್ಸುಲೇಶನ್ ತೋರಿಸುವಂತೆ ಕೇಳಿರಿ. ಅದು 1 ಮೆಗಾಓಮ್‌ಗಿಂತ ಕಡಿಮೆಯಿದ್ದರೆ, ತೇವ ಆರಿಸಿ ಇನ್ನೊಮ್ಮೆ ಅಳೆದ ಮೇಲೆಯೇ ಬಿಚ್ಚಲು ಬಿಡಿರಿ.